ಒಂದೇ ಕಸುಬಿನವರು

ನಾಲ್ಕಕ್ಕೆ ಎದ್ದು ನೀರು ಕಾಯಿಸುತ್ತೇನೆ.
ಆರು ಥರ್ಮಾಸು, ಎರಡು ಕೊಳಗ, ಮೇಲೊಂದು ಕಂಬಳಿ,
ಅದರ ಮೇಲೆ ತೀರಿಕೊಂಡ ಗಂಡನ ಕೋಟು.
ಇಷ್ಟು ಹೊದಿಸಿದರೂ
ದೊರ್ದೋಯ್ ಪೇಟೆಯ ಮೂರನೇ ಸಾಲು ದಾಟುವಷ್ಟರಲ್ಲಿ
ಚಹಾಕ್ಕೆ ಅರ್ಧ ಜೀವ.
ಬಿಷ್ಕೆಕ್ಕಿನ ಜನವರಿ ಅಂದರೆ ಹಾಗೆ;
ಒಂದರ ತಲೆಯ ಮೇಲೊಂದು ಕೂತ ಕಬ್ಬಿಣದ ಕಂಟೇನರುಗಳೇ
ಹಲ್ಲು ಕಟಕಟ ಕಡಿಯುತ್ತವೆ.

ಹಾಗಾಗಿ ನನಗೆ, ಈ ಸಾಲ್ಕಿನ್ ಎಂಬ ಮುದುಕಿಗೆ,
ಇಪ್ಪತ್ತೆರಡು ವರ್ಷ ಬಿಸಿ ಮಾರಿದವಳಿಗೆ,
ಕಾಲುಚೀಲದಂಗಡಿಯ ಚೋಲ್ಪೋನಳ ಮೇಲೆ
ಸ್ವಲ್ಪ ಹೊಟ್ಟೆಕಿಚ್ಚು.

ಅವಳು ಒಲೆ ಹಚ್ಚಬೇಕಿಲ್ಲ. ಸೋಸಬೇಕಿಲ್ಲ.
ಲೋಟ ತೊಳೆಯಲು ಹಿಮ ಕರಗಿಸಬೇಕಿಲ್ಲ.
ಕುರಿಚರ್ಮದ ಕೋಟಿನ ಎರಡು ಗುಂಡಿ ಬಿಚ್ಚಿ
ಮಗಳನ್ನು ಒಳಗೆ ಕರೆದುಕೊಂಡರೆ ಮುಗಿಯಿತು:
ಹದವಾದ ಬಿಸಿ, ಹದವಾದ ಸಿಹಿ,
ನಾಲಿಗೆ ಸುಟ್ಟಿತೆಂದು ಗೊಣಗುವ ಗಿರಾಕಿಯಿಲ್ಲ.
ಎಲ್ಲ ಸಾಲವೇ ನಿಜ,
ಆದರೆ ಬರೆದಿಡುವ ಪುಸ್ತಕವಿಲ್ಲ.

ಮಗುವಿನ ಹೆಸರು ಅಕ್‌ಮರಾಲ್. ಐದು ತಿಂಗಳು.
ಕುಡಿಯುವಾಗ ಹೊರಗೆ ಕಾಣುವುದು ಒಂದೇ ಪಾದ,
ಅದಕ್ಕೊಂದು ಹಳದಿ ಚೀಲ.
ಅದರ ಬೆಲೆ ಕೇಳಿದವರಿದ್ದಾರೆ!
ಶಾಲಿನಲ್ಲಿ ಬಿಗಿದು ಕಟ್ಟಿದ್ದರಿಂದ ಚೋಲ್ಪೋನಳ ಕೈ ಎರಡೂ ಖಾಲಿ,
ಡಜನ್ನುಗಳನ್ನು ಎಣಿಸುತ್ತಾಳೆ, ಚಿಲ್ಲರೆ ಹುಡುಕುತ್ತಾಳೆ.
ಕೋಟಿನ ಒಳಗಿಂದ ಗುಳುಕ್, ಗುಳುಕ್.
ಗಡಿಯಾಚೆಯ ಸಗಟು ವ್ಯಾಪಾರಿ, ಗಂಟಲು ದೊಡ್ಡ ಆಸಾಮಿ,
ತಟ್ಟನೆ ದನಿ ತಗ್ಗಿಸುತ್ತಾನೆ,
ಬೆಲೆ ತಗ್ಗಿಸು ಎನ್ನುವುದನ್ನು ಮರೆಯುತ್ತಾನೆ.

ಮೊದಲ ತಿಂಗಳು ಹೀಗಿರಲಿಲ್ಲ.
ತೊಟ್ಟು ಒಡೆದು, ಹಲ್ಲು ಕಚ್ಚಿಕೊಂಡು,
ಕಾಲುಚೀಲದ ಮೂಟೆಗೆ ಮುಖ ಒತ್ತಿ ಅಳುತ್ತಿದ್ದಳು.
ಗಾಡಿ ನಿಲ್ಲಿಸಿ ನಾನೇ ಒಳಗೆ ಹೋದೆ.
ಕುರಿಬಾಲದ ಕೊಬ್ಬು ಸವರಲು ಕೊಟ್ಟೆ. ಹೇಳಿದೆ:
ಹುಚ್ಚಿ, ನೀನು ಬಗ್ಗಬೇಡ, ಬೆನ್ನು ಮುರಿದೀತು;
ಮಗುವನ್ನು ಎದೆಗೆ ತಾ,
ಬಾಯಿ ಹಕ್ಕಿಮರಿಯ ಹಾಗೆ ಪೂರಾ ತೆರೆಯಲಿ, ಆಮೇಲೆ.
ಅವತ್ತು ನನ್ನ ಚಹಾ ತಣ್ಣಗಾಯಿತು. ಆಗಲಿ.

ಡಿಸೆಂಬರಿನಲ್ಲಿ ಸಾಲಿಗೆ ಸಾಲೇ ಕೆಮ್ಮಿತು.
ಅಕ್‌ಮರಾಲ್ ಎರಡು ದಿನ ಮೂಗು ಸುರಿಸಿ
ಮೂರನೇ ದಿನ ತಾಯಿಯ ಗುಂಡಿ ಹಿಡಿದು ಜಗ್ಗಿದಳು.
"ನಿಲ್ಲಿಸಬೇಡಮ್ಮ," ಅಂದಿದ್ದಳಂತೆ ದಾದಿ,
"ಇದಕ್ಕೂ ಚೀಟಿ ಬರೆದು ಕೊಡಲೇ?"

ಕಳೆದ ಶುಕ್ರವಾರ ಇನ್ನೊಂದಾಯಿತು.
ಪಕ್ಕದ ಪರದೆ ಅಂಗಡಿಯ ಮುಹಾಯೋ
ಸರಕಿನ ಲಾರಿ ಬಿಡಿಸಲು ಹೋದವಳು ಸಂಜೆಯಾದರೂ ಇಲ್ಲ.
ಅವಳ ಗಂಡು ಕೂಸು ಬಾಟಲಿಯನ್ನು ಉಗಿದು
ತಗಡಿನ ಗೋಡೆ ನಡುಗುವಂತೆ ಅತ್ತಿತು.
ಅಜ್ಜ ಅದನ್ನು ಕುಣಿಸಿದ, ಬೀಗದ ಗೊಂಚಲು ಆಡಿಸಿದ,
ಕೊನೆಗೆ ತಾನೂ ಅಳುವಂತಾದ.
ಚೋಲ್ಪೋನಳ ಅಂಗಿಯ ಮೇಲೆ ಆಗಲೇ ಎರಡು ಒದ್ದೆ ದುಂಡು.
ಕೈ ಚಾಚಿದಳು. "ಕೊಡಿ ಇಲ್ಲಿ."

ಎಂಥ ನಿಶ್ಶಬ್ದ ಆಗ!
ಕೈಗಾಡಿಯವರು ದಾರಿ ಬಿಡಿ ಎಂದು ಕೂಗುವುದನ್ನೂ ಬಿಟ್ಟರು.
ಅಕ್‌ಮರಾಲ್ ತನ್ನ ಪಾಲಿನ ಕಡೆಯಿಂದ
ಆ ಹೊಸಬನ ಕಿವಿಯನ್ನು ಹಿಡಿದು ನೋಡಿದಳು,
ಸಗಟಿನವರು ಬಟ್ಟೆ ಉಜ್ಜಿ ನೋಡುವ ಹಾಗೆ.

ನಮ್ಮಲ್ಲಿ ಇದಕ್ಕೊಂದು ಮಾತಿದೆ, ಎಮ್ಚೆಕ್ತೆಶ್:
ಒಂದೇ ಎದೆ ಕುಡಿದವರು, ಒಡಹುಟ್ಟಿದವರಿಗೆ ಸಮ.
"ಇನ್ನು ಇವರಿಬ್ಬರಿಗೆ ಮದುವೆಯ ಮಾತಿಲ್ಲ," ಎಂದೆ.
"ಸದ್ಯ, ಒಂದು ಚಿಂತೆ ಕಳೆಯಿತು," ಎಂದ ಅಜ್ಜ, ಮೂಗೊರೆಸುತ್ತ.

ಹೇಳಬಾರದು, ಆದರೂ ಹೇಳುತ್ತೇನೆ:
ಆ ಕೂಸು ಅತ್ತಾಗ
ಮೂವತ್ತೊಂದು ವರ್ಷದ ಹಿಂದೆ ಆರಿದ ನನ್ನ ಒಲೆಯಲ್ಲೂ
ಏನೋ ಜುಂ ಎಂದಿತು.
ಈ ವಯಸ್ಸಿಗೆ! ಯಾರೂ ನೋಡದಂತೆ
ಗಂಡನ ಕೋಟನ್ನು ಎದೆಗೆ ಎಳೆದುಕೊಂಡೆ.

ಆಮೇಲೆ ದೊಡ್ಡ ಬಟ್ಟಲಿಗೆ ಚಹಾ ಬಗ್ಗಿಸಿ,
ಹಾಲು, ಉಪ್ಪು, ಬೆಣ್ಣೆಯ ಒಂದು ಗುಂಡು ಹಾಕಿ
ಚೋಲ್ಪೋನಳ ತುಟಿಗೆ ನಾನೇ ಹಿಡಿದೆ,
ಅವಳ ಕೈ ಎರಡೂ ಅಂದು ಖಾಲಿಯಿರಲಿಲ್ಲವಲ್ಲ.
"ದುಡ್ಡು ಆಮೇಲೆ ಕೊಡ್ತೀನಿ, ಅಮ್ಮ."

ಬೇಡ ಮಾರಾಯ್ತಿ.
ಒಂದೇ ಕಸುಬಿನವರು
ಪರಸ್ಪರ ದುಡ್ಡು ಕೇಳಬಾರದು.