ಮಂದೆ ಎದ್ದ ಹೊಲ

ತಳಕು ದಾಟಿ ಮೂರು ಕಿಲೋಮೀಟರಿಗೆ ಬಸ್ಸು ನಿಂತಾಗ
ಕುರಿಯೂ ಇಲ್ಲ, ಕುರಿಯವರೂ ಇಲ್ಲ.
ದಾವಣಗೆರೆಯಲ್ಲಿ ನಾಲ್ಕೂವರೆಗೇ ಎದ್ದು ಬಂದವರು
ನಾವು ನಲವತ್ತೆರಡು ಮಂದಿ.
ಕೈಯಲ್ಲಿ ಪ್ರಶ್ನಾವಳಿ, ಕೊರಳಲ್ಲಿ ಗುರುತಿನ ಚೀಟಿ,
ಬಸ್ಸಿನ ಮೂತಿಗೆ ಬ್ಯಾನರು:
‘ಅಲೆಮಾರಿ ಬದುಕು ಮತ್ತು ಸುಸ್ಥಿರತೆ,
ಒಂದು ದಿನದ ಅಧ್ಯಯನ ಪ್ರವಾಸ.’
ಎದುರಿಗೆ ಬರೀ ಹೊಲ. ಶೇಂಗಾ ಕಿತ್ತ ಹೊಲ.
ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು
ಯಾರಿಗೋ ಕೈ ಬೀಸುತ್ತಿದ್ದವು, ನಮಗಲ್ಲ.

ಪುಷ್ಪಲತಾ ಮೇಡಂ ಫೋನು ಹಚ್ಚಿದರು.
ಸ್ಪೀಕರಿನಲ್ಲಿ ಮೊದಲು ಗಾಳಿ, ಆಮೇಲೊಂದು ಮರಿಯ ಅರಚಾಟ,
ಆಮೇಲೆ ಈರಗ್ಯಾತಪ್ಪ:
‘ಅಯ್ಯೋ, ಬಂದೇಬಿಟ್ರಾ? ಮೇವು ಮುಗೀತು ತಾಯಿ,
ನಸುಕಿಗೇ ಎದ್ವಿ.
ಕಾಲೇಜಿನೋರು ಬರ್ತಾರೆ ಅಂತ ಕುರಿಗೆ ಹೇಳಿದ್ದೆ,
ಕೇಳ್ಲಿಲ್ಲ.’
ನಾವು ನಕ್ಕೆವು. ಮೇಡಂ ನಗಲಿಲ್ಲ,
ಸ್ವಲ್ಪ ಹೊತ್ತು.

ಸರಿ, ಫೋನಿನಲ್ಲೇ ಸಂದರ್ಶನ.
ತಿಪ್ಪೇಶ ಓದಿದ: ಖಾಯಂ ವಿಳಾಸ?
‘ಯಾವ ತಿಂಗಳದ್ದು?’
ಪರಿಸರದ ಸುಸ್ಥಿರತೆಗೆ ತಮ್ಮ ಕೊಡುಗೆ?
‘ಅದೇನದು, ಸು…?’
ಸುಸ್ಥಿರ, ಅಜ್ಜ, ಅಂದೆ ನಾನು.
ಚೆನ್ನಾಗಿ ಸ್ಥಿರವಾಗಿ ಇರೋದು.
ಆ ಕಡೆ ಬೀಡಿಯ ಒಂದು ದಮ್ಮಿನಷ್ಟು ಮೌನ.
‘ನಾವು ನಿಂತ್ರೆ ಹುಲ್ಲು ಹೆಂಗ್ ನಿಲ್ತೈತೆ ಮಗಾ?
ಅದು ನಿಲ್ಲಲಿ ಅಂತಾನೇ ನಡಿಯೋದು.
ತಡಿ, ಒಂದು ಆಡು ಜಾಲಿ ಮೆಳೆಗೆ ನುಗ್ತು…’

ಮತ್ತೆ ಅವನ ದನಿ ಬರಲಿಲ್ಲ.
ಫೋನು ಜೇಬಿಗಿಳಿದಿರಬೇಕು.
ಗಂಟೆಯ ಸದ್ದು, ಒಣಗರಿಕೆ ತುಳಿವ ಸದ್ದು,
ಹಚಾ ಹಚಾ, ಒಂದು ಕೆಮ್ಮು,
ಸಾವಿರ ಸಣ್ಣ ಗೊರಸು.
ಯಾರೂ ಕಟ್ ಮಾಡಲಿಲ್ಲ.
ಹನ್ನೊಂದು ನಿಮಿಷ ನಾವು ನಿಂತಲ್ಲೇ ನಿಂತು
ನಡೆಯುವುದನ್ನು ಕೇಳಿದೆವು.

ಆಮೇಲೆ ಹುಡುಕಾಟ.
ಒಳಮೈ ಮಾತ್ರ ಕಪ್ಪಾದ ಮೂರು ಕಲ್ಲು.
ಮಣ್ಣು ಮುಚ್ಚಿದ ಬೂದಿ, ಶಬೀನಾ ಬೆರಳಿಟ್ಟು
‘ಇನ್ನೂ ಬಿಸಿ ಇದೆ’ ಎಂದಳು, ಗುಟ್ಟು ಹೇಳುವವಳ ಹಾಗೆ.
ಬಲೆ ಕಟ್ಟಿದ ಗೂಟದ ಕುಳಿಗಳು,
ಮುಳ್ಳಿಗೆ ಸಿಕ್ಕ ಒಂದೆಳೆ ಉಣ್ಣೆ,
ಹಿಕ್ಕೆ, ಹಿಕ್ಕೆ, ಹಿಕ್ಕೆ.
ಇಷ್ಟೇ. ಇನ್ನೂರು ಕುರಿ, ಏಳು ಜನ, ಎರಡು ನಾಯಿ
ಐದು ರಾತ್ರಿ ಮಲಗಿದ್ದ ಜಾಗದಲ್ಲಿ.

ಹೊಲದ ಒಡೆಯ ಪಾಲಯ್ಯ ಬಂದ, ಟವೆಲಿನಿಂದ ಮುಖ ಒರೆಸುತ್ತ.
‘ಐದು ರಾತ್ರಿ ತರುಬಿದ್ದಕ್ಕೆ ಒಂದು ಚೀಲ ಜೋಳ, ಮೇಲೆ ದುಡ್ಡು.
ಲೆಕ್ಕ ಹಾಕಿದ್ರೆ ಅವ್ರೇ ನನಗೆ ಕೊಟ್ಟು ಹೋದಂಗೆ.’
ಅವನನ್ನು ಯಾವ ಕಾಲಮ್ಮಿಗೆ ಸೇರಿಸುವುದೋ ತಿಳಿಯದೆ
‘ಇತರೆ’ ಎಂದು ಬರೆದುಕೊಂಡೆ.

ಅಲ್ಲೇ ಉಂಡೆವು. ಫಾಯಿಲ್ ಪೊಟ್ಟಣದ ಚಿತ್ರಾನ್ನ,
ತಲಾ ಎರಡು ಬಾಟಲಿ ನೀರು.
ಎಲ್ಲ ಚೀಲಕ್ಕೆ ತುಂಬಿದೆವು, ಹೌದು, ನಾನೇ ಆರಿಸಿದೆ,
ಆದರೂ ನಾಲ್ಕು ಫಾಯಿಲು ಗಾಳಿಗೆ ಹಾರಿ
ಬೇಲಿ ದಾಟಿದವು, ಹೊಳೆಯುತ್ತ.
ವಾಪಸು ಬರುವಾಗ ಚೀಲ ನನ್ನ ಕಾಲ ಬುಡದಲ್ಲಿ.
ದಾವಣಗೆರೆಯಲ್ಲಿ ಒಂದು ತೊಟ್ಟಿ ಸಿಕ್ಕಿತು.
ಅದನ್ನೂ ಯಾರೋ ಎಲ್ಲಿಗೋ ಒಯ್ಯುತ್ತಾರೆ.
ಆ ‘ಎಲ್ಲಿಗೋ’ ಎಂಬ ಊರಿನ ವಿಳಾಸ
ನಮ್ಮ ಯಾವ ಪ್ರಶ್ನೆಯಲ್ಲೂ ಇರಲಿಲ್ಲ.

ವರದಿಗೆ ಇಪ್ಪತ್ತಕ್ಕೆ ಹದಿನಾಲ್ಕು.
‘ಮಾಹಿತಿದಾರರ ಭೇಟಿ ಆಗಿಲ್ಲ’ ಎಂದು ಕೆಂಪು ಶಾಯಿ.

ಆಗಸ್ಟಿನಲ್ಲಿ ಮೊಳಕಾಲ್ಮೂರಿಗೆ, ಅತ್ತೆಯ ಮನೆಗೆ ಹೊರಟಿದ್ದೆ.
ತಳಕು ದಾಟಿತು. ಕಿಟಕಿಯಲ್ಲಿ ಪಾಲಯ್ಯನ ಹೊಲ,
ಹೊಲದ ತುಂಬ ಮೊಣಕಾಲೆತ್ತರದ ಪೈರು, ತಿಳಿಹಸಿರು.
ಅದರ ನಡುವೆ ಒಂದು ಚೌಕ
ಕಡುಹಸಿರು, ಕಪ್ಪೇ ಅನ್ನಬೇಕು,
ಅಳೆದು ಕೊಯ್ದು ಹಾಸಿದ ಕಂಬಳಿಯಂತೆ,
ಬಲೆ ಕಟ್ಟಿದ್ದ ನಾಲ್ಕು ಮೂಲೆಯೂ ಸೇರಿ.

ಪಕ್ಕದ ಸೀಟಿನ ಹೂವಿನ ಬುಟ್ಟಿಯ ಹೆಂಗಸಿಗೆ
ನೋಡಿ, ಅಲ್ನೋಡಿ ಅಂದೆ.
‘ಎಲ್ಲವ್ವಾ?’ ಎಂದು ಬಗ್ಗುವಷ್ಟರಲ್ಲಿ
ಬಸ್ಸು ಮುಂದೆ ಹೋಗಿತ್ತು.