ಪುಸ್ತಕದ ಸ್ಥಿತಿ

ಇಪ್ಪತ್ತೊಂಬತ್ತನೆಯ ಸಲ ಅದೇ ಕಾದಂಬರಿ.
ಮೇಕನ್ ಊರಿನ ಸೆಪ್ಟೆಂಬರು, ಕೊಠಡಿ ನೂರಾ ಹನ್ನೆರಡು,
ಏಸಿ ಕೆಟ್ಟು ಮೂರು ದಿನ.
ನನಗೆ ಎಲ್ಲ ಬಾಯಿಪಾಠ:
ನದಿ ದಾಟಿಸುವ ಕಪ್ಪು ಅಂಬಿಗ,
ಮಾಡದ ತಪ್ಪಿಗೆ ಕಟಕಟೆ,
ಕಥೆ ಹೇಳುವ ಎಂಟು ವರ್ಷದ ಬಿಳಿಯ ಹುಡುಗಿ,
ಅವಳ ಹಾಲುಹಲ್ಲು ಬಿದ್ದ ದಿನವೇ ತೀರ್ಪು.
ಇಲ್ಲಿ ನನ್ನ ದನಿ ತುಸು ನಡುಗಬೇಕು.
ನಡುಗುತ್ತದೆ,
ಪ್ರತಿವರ್ಷ, ಅದೇ ಸಾಲಿಗೆ.

ಅದರಲ್ಲೊಂದು ಪದವಿದೆ.
ಬಂದಾಗ ಓದಬೇಡಿ, ಒಂದು ಉಸಿರಿನಷ್ಟು ಸುಮ್ಮನಿರಿ,
ಇದು ನಾನು ಮಾಡಿದ ಕಟ್ಟಳೆ.
ಪ್ರಿನ್ಸಿಪಾಲರೂ ಮೆಚ್ಚಿ ತಲೆದೂಗಿದ್ದರು.
ಆ ಒಂದು ಉಸಿರಿನಲ್ಲಿ
ಇಪ್ಪತ್ತಾರು ಜೊತೆ ಕಣ್ಣು
ಕಿಟಕಿ ಪಕ್ಕದ ಡೆಸ್ಕಿಗೆ ಹೋಗಿ
ಏನೂ ಆಗದ ಹಾಗೆ ಪುಟಕ್ಕೆ ಮರಳುವುದನ್ನು
ಕಂಡಿರಲಿಲ್ಲ ಎಂದರೆ ಸುಳ್ಳು.
ಅದರಲ್ಲಿ ನನ್ನದೂ ಒಂದು ಜೊತೆ.

ಡೆಸ್ಕಿನಲ್ಲಿ ಜೊನೆಲ್ ಟಾಲಿವರ್, ಹದಿನಾಲ್ಕು.
ಪೆನ್ಸಿಲ್ ತುದಿ ಕಚ್ಚುತ್ತಾಳೆ, ಕೈ ಎತ್ತುವುದಿಲ್ಲ.

ಪ್ರಶ್ನೆ ಕೊಟ್ಟೆ, ವರ್ಷವರ್ಷದ್ದೇ:
ಹುಡುಗಿ ತನ್ನ ಮುಗ್ಧತೆಯನ್ನು ಎಲ್ಲಿ ಕಳೆದುಕೊಂಡಳು?
ಮೂರು ಉದಾಹರಣೆಗಳೊಡನೆ ವಿವರಿಸಿ.
(ಅದೇನು ಕೊಡೆಯೇ, ಬಸ್ಸಿನಲ್ಲಿ ಮರೆತು ಬರಲು?
ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.)
ಮಕ್ಕಳು ಬರೆದರು: ಕೋರ್ಟಿನಲ್ಲಿ. ದಂಡೆಯಲ್ಲಿ. ಅಪ್ಪ ಅತ್ತ ರಾತ್ರಿ.

ಜೊನೆಲ್ ಬರೆದದ್ದು ಅರ್ಧ ಹಾಳೆ.

"ಈ ಮನೆಯ ಅಡುಗೆಯವಳು ಆರ್ಡೆಲ್.
ಮನೆತನದ ಹೆಸರು ಪುಸ್ತಕಕ್ಕೆ ಗೊತ್ತಿಲ್ಲ.
ಸಂಜೆ ಏಪ್ರನ್ ಬಿಚ್ಚಿಟ್ಟು ಹಿತ್ತಿಲ ಬಾಗಿಲಿಂದ ಹೋಗುತ್ತಾಳೆ,
ಪುಸ್ತಕ ಅವಳ ಹಿಂದೆ ಹೋಗುವುದಿಲ್ಲ.
ಅವಳಿಗೂ ಎಂಟು ವರ್ಷದ ಮಗಳಿದ್ದರೆ
ತೀರ್ಪಿನ ತನಕ ಕಾಯುವ ಪುರಸೊತ್ತು ಆ ಮಗುವಿಗೆ ಎಲ್ಲಿತ್ತು?
ನಾನು ಕಲಿತದ್ದು ನಾಲ್ಕರಲ್ಲಿ, ಶೂ ಅಂಗಡಿಯಲ್ಲಿ.
ಅಂಗಡಿಯವಳು ಅಮ್ಮನ ಚೀಲ ತೆರೆಸಿ ನೋಡಿದಳು.
ಆಗ ನನ್ನ ಒಂದು ಕಾಲಲ್ಲಿ ಮಾತ್ರ ಹೊಸ ಶೂ ಇತ್ತು.
ಎರಡನೆಯದು, ಮೂರನೆಯದು ಬೇಕಾದರೆ ಕೇಳಿ."

ಕೆಂಪು ಪೆನ್ನು ಹಿಡಿದು ಕೂತೆ.
'ಪ್ರಶ್ನೆಗೆ ಉತ್ತರವಲ್ಲ' ಎಂದು ಬರೆದು ಬರೆದು
ಪಳಗಿದ ಕೈ.

ಮರುದಿನ ಅವಳೇ ಬಂದು
ತನ್ನ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟಳು.
"ಅಮ್ಮನ ಅಕ್ಷರ" ಎಂದಳು, ಅಷ್ಟೇ.
ರಟ್ಟಿನೊಳಗೆ ಮೊಹರಿನ ಚೌಕ,
ಪಡೆದವರ ಹೆಸರು, ಇಸವಿ, ಪುಸ್ತಕದ ಸ್ಥಿತಿ.
ಮೊದಲ ಗೆರೆ: ವರ್ಲೀನ್ ಸ್ಟಬ್ಸ್, ಸಾವಿರದ ಒಂಬೈನೂರ ತೊಂಬತ್ತು.
ಸ್ಥಿತಿ: ಹೊಸತು.
ಮೇಷ್ಟ್ರಗಿರಿಯಲ್ಲಿ ನಾನೂ ಆ ವರ್ಷ ಹೊಸತು.

ಕೊನೆಯ ಹಾಳೆಯಲ್ಲಿ ಪೆನ್ಸಿಲ್ ಗೆರೆ,
ನಾಲ್ಕು ನೆಟ್ಟಗೆ, ಒಂದು ಅಡ್ಡ,
ನಾಲ್ಕು ನೆಟ್ಟಗೆ, ಒಂದು ಅಡ್ಡ,
ಹಾಳೆಯುದ್ದಕ್ಕೂ ಬೇಲಿ.
ಬೆರಳಿಟ್ಟು ಎಣಿಸಿದೆ. ಅರವತ್ತಮೂರು.
ನಾವೆಲ್ಲ ಸಭ್ಯರಾಗಿ ಉಸಿರು ಹಿಡಿದಾಗಲೆಲ್ಲ
ಒಬ್ಬಳು ತಲೆ ತಗ್ಗಿಸಿ
ಒಂದೊಂದೇ ಗೂಟ ನೆಟ್ಟಿದ್ದಳು.
ಕೆಳಗೆ ಸಣ್ಣಗೆ:
ಆರ್ಡೆಲ್ ತನ್ನ ಮನೆ ತಲುಪಿದ್ದು.
ಎದುರಿಗೆ ಒಂದು ಸೊನ್ನೆ,
ತಿದ್ದಿ ತಿದ್ದಿ ಕಾಗದ ತೂತಾಗುವಷ್ಟು.

ವರ್ಲೀನ್.
ಮುಖ ನೆನಪಿಗೆ ತರಲು ಹೆಣಗಿದೆ.
ಹಳದಿ ಕ್ಲಿಪ್ಪೋ, ಎಡಗೈಯ ಬರಹವೋ,
ಅಥವಾ ಅದು ಬೇರೆ ಯಾರೋ.
ಹಳೆಯ ರಿಜಿಸ್ಟರಿಗೆ ನನಗಿಂತ ನೆನಪು ಚೆನ್ನಾಗಿದೆ:
ದರ್ಜೆ ಬಿ. ಷರಾ, ನನ್ನದೇ ದುಂಡಕ್ಷರದಲ್ಲಿ:
'ಚರ್ಚೆಯಲ್ಲಿ ಪಾಲ್ಗೊಳ್ಳುವುದಿಲ್ಲ.'

ಮೇ ಕೊನೆಗೆ ಪುಸ್ತಕಗಳೆಲ್ಲ ಕಪಾಟಿಗೆ ಮರಳಿದವು,
ಒಂದರ ಹೊರತು.
ಅಡುಗೆಮನೆಯ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ.
ಚೌಕದಲ್ಲಿ ಉಳಿದದ್ದು ಒಂದೇ ಗೆರೆ.
ಜೊನೆಲ್ ಹೆಸರಿನ ಕೆಳಗೆ ಬರೆದೆ:
ಹಾರಿಯೆಟ್ ಪ್ರೂಯಿಟ್.
ಇಸವಿ ಬರೆದೆ.
ಸ್ಥಿತಿ ಎಂಬಲ್ಲಿ
ಪೆನ್ನು ನಿಂತಿದೆ,
ಒಂದು ಉಸಿರಿಗಿಂತ
ಎಷ್ಟೋ ಹೆಚ್ಚು ಹೊತ್ತಾಯಿತು.