ಹ ಆದಮೇಲೆ

ತಿತಿಮತಿಯ ಜೇನು ಕೇಂದ್ರದಲ್ಲಿ ಬಟವಾಡೆಯ ದಿನ
ಕಾಳ ಬಂದು ಕಿಟಕಿಗೆ ಮೊಣಕೈ ಊರಿದ:
"ಹನ್ನೊಂದು ಕಿಲೋ ಹೆಜ್ಜೇನು ಕೊಟ್ಟಿದ್ದೆ, ದುಡ್ಡೇ ಬಂದಿಲ್ಲ."
ಅವನ ಹಿಂದೆ ಬೊಳ್ಳ. ಅವನಿಗೂ ಇಲ್ಲ.
ಚೋಮನಿಗೆ ಬಂದಿದೆ, ಮಾರನಿಗೆ, ಬಸವನಿಗೆ.

ಕಮಾಂಡ್ ನಾನೇ ಬರೆದದ್ದು, ಮೂರು ವರ್ಷದ ಹಿಂದೆ:
ಒಂದು ನಕ್ಷತ್ರ, ಚೌಕ ಕಂಸದೊಳಗೆ ಕ, ಅಡ್ಡಗೆರೆ, ಹ.
ಈ ಅಕ್ಷರಗಳಲ್ಲಿ ಮುಗಿವ ಹೆಸರಿನ ಫೈಲುಗಳನ್ನೆಲ್ಲ ಎತ್ತಿಕೋ.
(ಗೌರಿ, ಪುಟ್ಟಿಯರಿಗೆ ಬೇರೆ ಸಾಲು.)
ಒಮ್ಮೆಯೂ ತಪ್ಪಿರಲಿಲ್ಲ.

ಹಳೆಯ ಕಂಪ್ಯೂಟರಿಗೆ ಭಾಷೆ ಗೊತ್ತಿರಲಿಲ್ಲ,
ಅಂಕಿ ಮಾತ್ರ.
ಅದರ ಎಣಿಕೆಯಲ್ಲಿ ಳ
ಲ ಮತ್ತು ವ ನಡುವೆ ಒತ್ತಿಕೊಂಡು ಕೂತಿತ್ತು,
ಗೋಣಿಕೊಪ್ಪದ ಬಸ್ಸಿನಲ್ಲಿ ಮೂರನೆಯವನ ಹಾಗೆ.

ಹೋದ ವಾರ ಹೊಸತು ಬಂತು.
ಲೊಕೇಲ್ ಯಾವುದು ಎಂದಿತು. ಕನ್ನಡ ಎಂದೆ, ಜಂಬದಿಂದ.
ಅದು ಒಂದನೇ ತರಗತಿಯ ಮಗುವಿನಂತೆ ಒಪ್ಪಿಸಿತು:
ಯ ರ ಲ ವ ಶ ಷ ಸ ಹ
ನಾನು ಹೇಳಿದಲ್ಲಿಗೆ ಸರಿಯಾಗಿ ನಿಂತಿತು.
ಆಚೆ ಒಂದೇ ಅಕ್ಷರ,
ಅದರ ಹಿಂದೆ ಕಾಳ, ಬೊಳ್ಳ.

ಯಂತ್ರ ಕನ್ನಡ ಕಲಿತ ಮೇಲೆ ತಾನೆ ಗೊತ್ತಾದದ್ದು
ನಾನು ಮರೆತದ್ದು.

ಹ ಅಳಿಸಿ ಳ ಒತ್ತಿದೆ. ಬೆರಳು ತಡೆಯಿತು:
ಹಳೆಯ ಯಂತ್ರ ಈಗ ಬಾಳೆಲೆಯ ಕೇಂದ್ರದಲ್ಲಿದೆ,
ಇದೇ ಸಾಲು ಅಲ್ಲಿ ಬಸವನನ್ನು ಬಿಡುತ್ತದೆ.
ಮೇಲೆ ಇನ್ನೊಂದು ಸಾಲು ಸೇರಿಸಿದೆ:
ಮೊದಲು ಭಾಷೆ ಯಾವುದೆಂದು ಹೇಳು.

"ಆಯ್ತಾ ಅಕ್ಕ?"
ನೋಟು ಎಣಿಸಿ ಕೊಟ್ಟೆ. ಎರಡು ಸಲ ಎಣಿಸಿದ.
ಮೇಣ ಅಂಟಿದ ಬೆರಳಲ್ಲಿ ಪೆನ್ನು ಹಿಡಿದು ಸಹಿ ಹಾಕಿದ,
ಎರಡೇ ಅಕ್ಷರ,
ಎರಡನೆಯದು ಗೆರೆ ದಾಟಿ ಬೊಳ್ಳನ ಜಾಗಕ್ಕೂ ಚಾಚಿತ್ತು.